ಬೆಂಗಳೂರಿನ ರಾಕ್ ಬ್ಯಾಂಡ್, ಕನ್ನಡದ ಆಲ್ಬಮ್, ಅದರ ವಿಮರ್ಶೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ರಾಕ್ ಬ್ಯಾಂಡ್‌ಗೆ ಹಾಡು ಬರೆಯುತ್ತೇನೆ. ವೇದಿಕೆ ಮೇಲೆ ನಿಲ್ಲುವವರು ನಾಲ್ಕು ಜನ, ನಾನು ಕೆಳಗೆ ಕೂತು ಕೇಳುವವನು. ನಮ್ಮ ಮೊದಲ ಆಲ್ಬಮ್‌ನಲ್ಲಿ 8 ಹಾಡುಗಳಿವೆ. ಒಟ್ಟು 37 ನಿಮಿಷ, ಎಲ್ಲವೂ ಕನ್ನಡದಲ್ಲಿ. ಅದು ಬಂದ ಮೇಲೆ ಗಿಗ್ (ಲೈವ್ ಕಾರ್ಯಕ್ರಮ) ಮುಗಿಸಿ ಕೇಬಲ್ ಸುತ್ತುವಾಗ, ಮದುವೆ ಮನೆಯಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇವೆ. ಕೇಳಿದವರಿಗೆಲ್ಲ ನಿಂತು ಉತ್ತರ ಹೇಳುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಇಂಡಿಪೆಂಡೆಂಟ್ ಬ್ಯಾಂಡ್ ಅಂದ್ರೆ ಏನು? ಸಿನಿಮಾಕ್ಕೆ ಹಾಡದವರಾ?

ಸಿನಿಮಾಕ್ಕೆ ಹಾಡಿದರೂ ಇಂಡಿಪೆಂಡೆಂಟ್ ಆಗಿರಬಹುದು. ರಘು ದೀಕ್ಷಿತ್ ಅವರ ಬ್ಯಾಂಡ್‌ನ ಮೊದಲ ಆಲ್ಬಮ್ ಬಂದಿದ್ದು 2008ರಲ್ಲಿ. ಅದೇ ವರ್ಷ ಅವರು ಕನ್ನಡ ಸಿನಿಮಾಕ್ಕೂ ಸಂಗೀತ ಕೊಟ್ಟರು. ಹಾಡು ಯಾರಿಗಾಗಿ ಹುಟ್ಟಿತು ಅನ್ನುವುದರಲ್ಲಿದೆ ವ್ಯತ್ಯಾಸ. ಸಿನಿಮಾ ಹಾಡಿಗೆ ಒಂದು ಸನ್ನಿವೇಶ ಇರುತ್ತದೆ, ನಿರ್ದೇಶಕರು ಇರುತ್ತಾರೆ, ನಾಯಕ ಇರುತ್ತಾನೆ. ಬ್ಯಾಂಡ್‌ನ ಹಾಡಿಗೆ ಇದ್ಯಾವುದೂ ಇಲ್ಲ. ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು, ತಮಗೆ ಅನ್ನಿಸಿದ್ದನ್ನು ತಾವೇ ಕಟ್ಟಿ, ತಮ್ಮದೇ ದುಡ್ಡಲ್ಲಿ ರೆಕಾರ್ಡ್ ಮಾಡುತ್ತಾರೆ. ಹಿಂದೆ ಸಣ್ಣದೊಂದು ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ, ಇರಬಹುದು. ಅದರಿಂದೇನೂ ಸ್ವಾತಂತ್ರ್ಯ ಹೋಗುವುದಿಲ್ಲ. ರಘು ದೀಕ್ಷಿತ್ ಅವರ ಆ ಆಲ್ಬಮ್ ತಂದಿದ್ದು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಶುರು ಮಾಡಿದ ಲೇಬಲ್.

ಕನ್ನಡದಲ್ಲಿ ರಾಕ್ ಹಾಡೋಕೆ ಆಗುತ್ತಾ? ಭಾಷೆ ಅದಕ್ಕೆ ಒಗ್ಗಲ್ಲ ಅಂತಾರಲ್ಲ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಒಗ್ಗಲ್ಲ ಅನ್ನುವವರು ಕೊಡುವ ಕಾರಣ ಒಂದೇ. ಇಂಗ್ಲಿಷ್ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುತ್ತವೆ, ಕಡಿದ ಹಾಗೆ. ಡ್ರಮ್ ಏಟಿಗೆ ಅದು ಸರಿಯಾಗಿ ಕೂರುತ್ತದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಮನೆ, ಮರ, ಹಾದಿ, ಊರು. ಏಟಿನ ಮೇಲೆ ಕೂರುವ ಬದಲು ಮುಂದಕ್ಕೆ ಜಾರುತ್ತವೆ. ಇದು ನಿಜ. ಆದರೆ ಕೊನೆಯಲ್ಲಿ ಸ್ವರ ಇರುವುದರಿಂದಲೇ ಹಾಡುಗಾರ್ತಿ ಆ ಪದವನ್ನು ಎಷ್ಟು ಬೇಕಾದರೂ ಎಳೆಯಬಹುದು. ಗಿಟಾರ್ ಕೂಗುವಾಗ ಅದರ ಜೊತೆ ಕೂಗಬಹುದು. ಇದು ನಮಗೆ ಸಿಕ್ಕ ಅನುಕೂಲ.

ಇನ್ನು ಲಯ. ನಮ್ಮಲ್ಲಿ ಮಾತ್ರೆಗಳ ಲೆಕ್ಕ ಇದೆಯಲ್ಲ, ಅದನ್ನು ಹೈಸ್ಕೂಲಿನಲ್ಲಿ ಪರೀಕ್ಷೆಗೋಸ್ಕರ ಕಲಿತು ಮರೆತುಬಿಡುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಉತ್ಸಾಹ ರಗಳೆಯಲ್ಲಿ ಮೂರು ಮೂರರ ಗಣ, ಮಂದಾನಿಲದಲ್ಲಿ ನಾಲ್ಕು ನಾಲ್ಕು, ಲಲಿತದಲ್ಲಿ ಐದು ಐದು. ಒಂದು ಡ್ರಮ್ ಸೆಟ್ ಪಕ್ಕ ಕೂತು ಇದನ್ನು ಹೇಳಿ ನೋಡಿ. ಮಂದಾನಿಲ ರಾಕ್‌ನ ಮಾಮೂಲಿ ನಾಲ್ಕರ ಬೀಟ್‌ಗೆ ಸೀದಾ ಕೂರುತ್ತದೆ. ಉತ್ಸಾಹ ಆರರ ಬೀಟ್‌ಗೆ. ಲಲಿತಕ್ಕೆ ಐದರ ಬೀಟ್ ಬೇಕು, ರಾಕ್‌ನಲ್ಲಿ ಅದು ಅಪರೂಪ.

ನಮ್ಮ ಆಲ್ಬಮ್‌ನ ಮೂರನೇ ಹಾಡು ಹುಟ್ಟಿದ್ದೇ ಹೀಗೆ. ನಾನು ಬರೆದ ಮೊದಲ ಸಾಲು ಇದು:

ಮಳೆ ಬಂದು ನಿಂತ ಮೇಲೆಲ್ಲಿಗೂ ಹೋಗದಿರು

ಬಿಡಿಸಿದರೆ ಮಳೆಬಂದು, ನಿಂತಮೇ, ಲೆಲ್ಲಿಗೂ, ಹೋಗದಿರು. ನಾಲ್ಕು ಸಲ ಐದು. ಬರೆಯುವಾಗ ನಾನು ಎಣಿಸಿರಲಿಲ್ಲ. ನಮ್ಮ ಡ್ರಮ್ಮರ್ ಎರಡು ದಿನ ಅದನ್ನು ನಾಲ್ಕಕ್ಕೆ ಕೂರಿಸೋಕೆ ಒದ್ದಾಡಿದ. ಪ್ರತಿ ಸಲ ಒಂದು ಅಕ್ಷರ ಸುಮ್ನೆ ಎಳೆಯಬೇಕಾಗುತ್ತಿತ್ತು, ಸಾಲು ಸೋತ ಹಾಗೆ ಕೇಳುತ್ತಿತ್ತು. ಮೂರನೇ ದಿನ ಕೋಲನ್ನು ತೊಡೆ ಮೇಲೆ ಬಡಿಯುತ್ತಾ ಸಾಲನ್ನು ಮಾತಿನ ಹಾಗೆ ಹೇಳಿಕೊಂಡ. ಐದು ಅಂತ ಗೊತ್ತಾಯಿತು. ಅರ್ಧ ಗಂಟೆಯಲ್ಲಿ ಹಾಡು ನಿಂತಿತು.

ಆಮೇಲೆ ಉಚ್ಚಾರಣೆ. ನಮ್ಮ ಹಾಡುಗಾರ್ತಿ ಓದಿದ್ದು ಇಂಗ್ಲಿಷ್ ಮೀಡಿಯಂ, ಮನೆಮಾತು ಕನ್ನಡ. ಮಾತಾಡುವಾಗ ಎಲ್ಲ ಸರಿ. ಆದರೆ ದನಿ ಏರಿಸಿ ಹಾಡುವಾಗ ಅವಳ ನಾಲಿಗೆ ಮಡಚುವುದನ್ನು ಬಿಡುತ್ತಿತ್ತು, ‘ಮಳೆ’ ‘ಮಲೆ’ ಆಗುತ್ತಿತ್ತು. ಮಳೆ ಬಂದು ನಿಂತ ಹಾಡಲ್ಲಿ ಬೆಟ್ಟ ಬಂದು ನಿಂತರೆ ಹೇಗೆ? ಆ ಒಂದು ಸಾಲನ್ನು 11 ಸಲ ಹಾಡಿಸಿದೆವು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಗೊತ್ತಾಗುತ್ತದೆ, ‘ಳೆ’ ಬರುವಾಗ ದನಿ ಒಂದು ಕ್ಷಣ ದಪ್ಪವಾಗಿ, ಆಮೇಲೆ ತೆರೆದುಕೊಳ್ಳುತ್ತದೆ. ನನಗೆ ಇಡೀ ಆಲ್ಬಮ್‌ನಲ್ಲಿ ಅತಿ ಇಷ್ಟದ ಜಾಗ ಅದು.

ಪ್ರಾಸ ಬೇಕೇ ಬೇಕಾ?

ಇಂಗ್ಲಿಷ್ ರಾಕ್‌ನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿ ಬರುತ್ತದೆ. ಕನ್ನಡದ ಹಳೆಯ ಅಭ್ಯಾಸದಲ್ಲಿ ಅದು ಸಾಲಿನ ಎರಡನೇ ಅಕ್ಷರದಲ್ಲಿ. ನಾನು ಎರಡನ್ನೂ ಬಳಸುತ್ತೇನೆ. ಎರಡನೇ ಅಕ್ಷರದ ಪ್ರಾಸ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಸಾಲು ಶುರುವಾದ ತಕ್ಷಣ ಕಿವಿಗೆ ಗುರುತು ಸಿಗುತ್ತದೆ.

ಬೆಂಗಳೂರಿನ ಯಾವ ಆಲ್ಬಮ್‌ಗಳನ್ನು ಮೊದಲು ಕೇಳಲಿ?

ಕನ್ನಡ ಬೇಕು ಅಂದರೆ ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಿಂದ ಶುರು ಮಾಡಿ. ಮೈಸೂರಿನಲ್ಲಿ ಬೆಳೆದವರು, ಓದಿದ್ದು ಮೈಕ್ರೋಬಯಾಲಜಿ, ಕಲಿತಿದ್ದು ಭರತನಾಟ್ಯ. ಆ ಆಲ್ಬಮ್‌ನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ. ಮನೆಯ ಮಾಳಿಗಿ ಸೋರುವ ಪದ, ಗುಡುಗುಡಿ ಸೇದುವ ಪದ. ಅಪ್ಪ-ಅಮ್ಮ ಸಿ. ಅಶ್ವಥ್ ದನಿಯಲ್ಲಿ ಕೇಳಿದ್ದ ಶರೀಫರನ್ನು ನನ್ನ ವಯಸ್ಸಿನವರು ಎಷ್ಟೋ ಜನ ಈ ಆಲ್ಬಮ್‌ನಿಂದ ತಮ್ಮವರಾಗಿ ಮಾಡಿಕೊಂಡರು.

ಸ್ವರಾತ್ಮ ಬ್ಯಾಂಡ್ ಹಿಂದಿ ಮತ್ತು ಕನ್ನಡದಲ್ಲಿ ಹಾಡುತ್ತದೆ. ಜಾನಪದದ ಗುಂಗು, ಪಿಟೀಲು, ಜೊತೆಗೆ ಊರಿನ ಸಮಸ್ಯೆಗಳು. ಮೊದಲ ಆಲ್ಬಮ್ 2009ರಲ್ಲಿ, ಎರಡನೆಯದು 2012ರಲ್ಲಿ, ಮೂರನೆಯದು 2018ರಲ್ಲಿ. ಎರಡನೆಯದರ ಹೆಸರೇ ‘ಟೋಪಿವಾಲೆ’. ನನಗೆ ಅದೇ ಇಷ್ಟ.

ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಇಂಗ್ಲಿಷ್‌ನಲ್ಲಿ ಹಾಡುವ ಬ್ಯಾಂಡ್. ಆದರೂ ಅದು ಅಪ್ಪಟ ಬೆಂಗಳೂರಿನದ್ದು. 1996ರಲ್ಲಿ ಶುರುವಾಯಿತು, ಇವತ್ತಿನ ಎಷ್ಟೋ ಬ್ಯಾಂಡ್‌ಗಳಿಗೆ ಅಣ್ಣ. ಒಂದು ಸಲ ಇಡೀ ಆಲ್ಬಮ್ ಅನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಕೊಟ್ಟರು. 2012ರಲ್ಲಿ ಮೂರು ಡಿಸ್ಕ್‌ಗಳ ಆಲ್ಬಮ್ ತಂದರು. ಅಷ್ಟು ಉದ್ದದ ಆಲ್ಬಮ್ ತರುವುದಕ್ಕೆ ಧೈರ್ಯ ಬೇಕು.

ಹೆವಿ ಮೆಟಲ್ ಬೇಕಾದರೆ ಕ್ರಿಪ್ಟಾಸ್. 1998ರಿಂದ ನುಡಿಸುತ್ತಿದ್ದಾರೆ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು. ಮೆಟಲ್ ಕೇಳುವವರಿಗೆ ಅದು ತೀರ್ಥಕ್ಷೇತ್ರ ಇದ್ದ ಹಾಗೆ. ಪರ್ವಾಜ್ ಬ್ಯಾಂಡ್ ಇರುವುದು ಬೆಂಗಳೂರಿನಲ್ಲಿ, ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. 2014ರ ‘ಬಾರಾನ್’ ಆಲ್ಬಮ್ ಅನ್ನು ರಾತ್ರಿ, ದೀಪ ಆರಿಸಿ ಕೇಳಿ. ಹೆಸರಿನ ಅರ್ಥವೂ ಮಳೆ ಅಂತಲೇ. ನನಗೆ ಪದಗಳು ಅರ್ಥವಾಗಲ್ಲ. ಅರ್ಥವಾಗದೆ ಕೇಳುವ ಹಾಡಿನ ಬಗ್ಗೆ ನಾನು ವಿಮರ್ಶೆ ಬರೆದರೆ ಅದು ಎಷ್ಟು ಅರ್ಧಂಬರ್ಧ ಆಗುತ್ತದೆ ಅಂತಲೂ ಈ ಆಲ್ಬಮ್ ನನಗೆ ತೋರಿಸಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒಂದೊಂದೇ ಹಾಡು ಬಿಟ್ಟರೆ ಸಾಲದಾ? ಈಗ ಯಾರು ಆಲ್ಬಮ್ ಕೇಳ್ತಾರೆ?

ಒಂದೊಂದೇ ಬಿಟ್ಟರೆ ಜಾಸ್ತಿ ಜನ ಕೇಳುತ್ತಾರೆ, ಇದರಲ್ಲಿ ಅನುಮಾನವಿಲ್ಲ. ಆದರೂ ನಾನು ಆಲ್ಬಮ್ ಪರ.

ಆಲ್ಬಮ್‌ನ ಅಳತೆ ಮೊದಲು ಬಂದಿದ್ದು ಗ್ರಾಮಫೋನ್ ತಟ್ಟೆಯಿಂದ. 1948ರಲ್ಲಿ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆ ಬಂತು. ಒಂದು ಮಗ್ಗುಲಿಗೆ ಸುಮಾರು 22 ನಿಮಿಷ ಹಿಡಿಸುತ್ತಿತ್ತು. ಎರಡು ಮಗ್ಗುಲು ಸೇರಿ 40 ನಿಮಿಷದ ಆಸುಪಾಸು. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಸಿಡಿ ಬಂತು, ಫೋನ್ ಬಂತು. 40 ನಿಮಿಷ ಮಾತ್ರ ಉಳಿದುಕೊಂಡಿತು. ಒಂದು ಸಂಜೆ ಕೂತು ಒಬ್ಬರ ಮಾತನ್ನು ಮನಸ್ಸಿಟ್ಟು ಕೇಳೋದಕ್ಕೆ ಅದು ಸರಿಯಾದ ಹೊತ್ತು.

ಹಾಡುಗಳ ಸಾಲು ಜೋಡಿಸುವುದಕ್ಕೆ ನಾವು ಒಂದು ತಿಂಗಳು ಜಗಳ ಆಡಿದ್ದೇವೆ. ಮಳೆಯ ಹಾಡು ಮೊದಲು ಒಂದನೆಯದಾಗಿತ್ತು. ಮೊದಲೇ ಐದರ ಲಯ ಬಂದರೆ ಕೇಳುವವರ ಕಾಲು ತಪ್ಪುತ್ತದೆ ಅಂತ ಬೇಸ್ ನುಡಿಸುವವನು ಹಟ ಹಿಡಿದ. ಎರಡು ಹಾಡು ನಾಲ್ಕರಲ್ಲಿ ನಡೆದು, ಕಾಲಿಗೆ ಅಭ್ಯಾಸವಾದ ಮೇಲೆ ಐದು ಬರಲಿ ಅಂದ. ಅವನು ಹೇಳಿದ್ದು ಸರಿ. ಮೂರನೆಯದಾಗಿ ಬಂದಾಗ ನೆಲ ಒಂದಿಷ್ಟು ಅಲುಗಿದ ಹಾಗೆ ಆಗುತ್ತದೆ. ಒಂಟಿ ಹಾಡಾಗಿ ಬಿಟ್ಟಿದ್ದರೆ ಆ ಅನುಭವ ಸಿಗುತ್ತಿರಲಿಲ್ಲ.

ಎಲ್ಲಿ, ಹೇಗೆ ರೆಕಾರ್ಡ್ ಮಾಡಿದಿರಿ?

ಡ್ರಮ್ ಮಾತ್ರ ಸ್ಟುಡಿಯೋದಲ್ಲಿ, ಉಳಿದದ್ದೆಲ್ಲ ಕತ್ರಿಗುಪ್ಪೆಯ ಒಂದು ಮನೆಯ ಮಹಡಿಯಲ್ಲಿ. ದುಡ್ಡು ಕಡಿಮೆ ಇರುವ ಬ್ಯಾಂಡ್‌ಗಳು ಸಾಮಾನ್ಯವಾಗಿ ಹೀಗೇ ಮಾಡುತ್ತವೆ. ಡ್ರಮ್‌ಗೆ ಒಳ್ಳೆಯ ಕೋಣೆ ಬೇಕು, ಏಳೆಂಟು ಮೈಕ್ ಬೇಕು. ಡ್ರಮ್ ಸೆಟ್‌ನಲ್ಲಿ ಕಾಲಲ್ಲಿ ನುಡಿಸುವ ಕಿಕ್‌ಗೆ ಒಂದು, ಸ್ನೇರ್‌ಗೆ ಒಂದು, ಟಾಮ್‌ಗಳಿಗೆ ಒಂದೊಂದು, ಮೇಲಿಂದ ಎರಡು. ಎರಡು ದಿನಕ್ಕೆ ಸ್ಟುಡಿಯೋ ಬಾಡಿಗೆಗೆ ಹಿಡಿದು 8 ಹಾಡಿನ ಡ್ರಮ್ ಮುಗಿಸಿದೆವು.

ಬೇಸ್ ಗಿಟಾರ್ ನೇರವಾಗಿ ಕಂಪ್ಯೂಟರ್‌ಗೆ. ಎಲೆಕ್ಟ್ರಿಕ್ ಗಿಟಾರ್‌ಗೆ ಆಂಪ್ಲಿಫೈಯರ್ ಅನ್ನು ಬೀರುವಿನೊಳಗೆ ಇಟ್ಟು, ಸುತ್ತ ರಜಾಯಿ ಹೊದಿಸಿ, ಮುಂದೆ ಒಂದು ಶೂರ್ ಎಸ್‌ಎಂ 57 ಮೈಕ್ ನಿಲ್ಲಿಸಿದೆವು. 1965ರಿಂದ ಜಗತ್ತಿನ ತುಂಬ ಗಿಟಾರಿಗೆ ಹಿಡಿಯುವ ಮೈಕ್ ಅದು. ಈಗಲೂ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಹಾಡುವ ಕೆಲಸ ಎಲ್ಲ ರಾತ್ರಿ 11ರ ಮೇಲೆ. ಬೆಳಿಗ್ಗೆ 5 ಗಂಟೆಗೆ ನೀರಿನ ಟ್ಯಾಂಕರ್ ಬರುತ್ತಿತ್ತು, ಅಷ್ಟರಲ್ಲಿ ಮುಗಿಸಬೇಕು. ಐದನೇ ಹಾಡಿನ ಕೊನೆಯಲ್ಲಿ ಮಹಡಿ ಮೇಲಿನ ತಗಡಿಗೆ ಮಳೆ ಬಿದ್ದ ಸದ್ದು ಇದೆ. ಅದನ್ನು ಬೇಕು ಅಂತ ಸೇರಿಸಿದ್ದಲ್ಲ. ಆ ಟೇಕ್‌ನಲ್ಲಿ ನಮ್ಮ ಹಾಡುಗಾರ್ತಿ ಹಾಡಿದ್ದು ಎಷ್ಟು ಚೆನ್ನಾಗಿತ್ತು ಅಂದರೆ ಮತ್ತೆ ಹಾಡಿಸೋಕೆ ಯಾರಿಗೂ ಮನಸ್ಸಾಗಲಿಲ್ಲ.

ಮಿಕ್ಸಿಂಗ್, ಮಾಸ್ಟರಿಂಗ್ ಎರಡೂ ಒಂದೇನಾ?

ಬೇರೆ ಬೇರೆ. ಒಂದು ಹಾಡೊಳಗೆ ಯಾವ ವಾದ್ಯ ಎಷ್ಟು ಜೋರು, ಎಡಕ್ಕೋ ಬಲಕ್ಕೋ ಅಂತ ಕೂರಿಸುವುದು ಮಿಕ್ಸಿಂಗ್. ಎಲ್ಲ ಹಾಡುಗಳೂ ಒಂದೇ ಮನೆಯವು ಅನ್ನಿಸುವ ಹಾಗೆ ಕೊನೆಯ ಪಾಲಿಶ್ ಕೊಡುವುದು ಮಾಸ್ಟರಿಂಗ್. ಜೋರು ಮಾಡಿ ಅಂತ ಇಂಜಿನಿಯರ್‌ಗೆ ದುಂಬಾಲು ಬೀಳಬೇಡಿ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ. ನೀವು ಜೋರು ಮಾಡಿದ್ದನ್ನು ಅದು ಇಳಿಸುತ್ತದೆ. ಹಿಂಡಿ ಹಿಪ್ಪೆಯಾದ ಡ್ರಮ್ ಮಾತ್ರ ಹಾಗೇ ಉಳಿಯುತ್ತದೆ.

ಶರೀಫರ ಪದ, ಬೇಂದ್ರೆ ಕವಿತೆ ಎತ್ತಿಕೊಂಡು ಹಾಡಬಹುದಾ?

ಶರೀಫರದ್ದು ಹಾಡಬಹುದು, ಬೇಂದ್ರೆಯವರದ್ದಕ್ಕೆ ಅನುಮತಿ ಬೇಕು. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಶರೀಫರು ಹೋಗಿದ್ದು 1889ರಲ್ಲಿ. ಅವರ ಪದಗಳು ಎಲ್ಲರವು. ದಾಸರ ಪದ, ವಚನ ಕೂಡ ಹಾಗೇ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವ ತನಕ ಹಕ್ಕು ಅವರ ವಾರಸುದಾರರದ್ದು. ಕುವೆಂಪು ಅವರದ್ದು 2054ರ ತನಕ.

ಇನ್ನೊಂದು ವಿಷಯದಲ್ಲಿ ಬಹಳ ಬ್ಯಾಂಡ್‌ಗಳು ಎಡವುತ್ತವೆ. ಪದ ಎಲ್ಲರದ್ದಾದರೂ ಅದಕ್ಕೆ ಹಾಕಿದ ರಾಗ ಎಲ್ಲರದ್ದಲ್ಲ. ಶರೀಫರ ಪದಕ್ಕೆ ಅಶ್ವಥ್ ಅವರು ಹಾಕಿದ ರಾಗವನ್ನು ಹಾಡಿದರೆ ಅದಕ್ಕೆ ಬೇರೆ ಅನುಮತಿ ಬೇಕು. ನಿಮ್ಮದೇ ರಾಗ ಕಟ್ಟಿದರೆ ಯಾರನ್ನೂ ಕೇಳಬೇಕಿಲ್ಲ.

ಆಲ್ಬಮ್‌ನಿಂದ ದುಡ್ಡು ಬರುತ್ತಾ?

ಸ್ಟ್ರೀಮಿಂಗ್‌ನಿಂದ ಬರುವುದು ಬಹಳ ಕಡಿಮೆ. 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಲೆಕ್ಕ. ಸ್ಪಾಟಿಫೈನಲ್ಲಿ 2024ರಿಂದ ಇನ್ನೊಂದು ನಿಯಮ ಇದೆ. 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿನ ರೆಕಾರ್ಡಿಂಗ್‌ಗೆ ದುಡ್ಡೇ ಇಲ್ಲ. ನಮ್ಮ 8ರಲ್ಲಿ 5 ಹಾಡು ಆ ಗೆರೆ ದಾಟಿವೆ. ಬ್ಯಾಂಡ್‌ಗಳು ತಮ್ಮ ಆಲ್ಬಮ್ ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಸೈಟ್‌ನಲ್ಲಿ ಕೊಂಡರೆ ಸೈಟ್‌ನವರು ಮುರಿದುಕೊಳ್ಳುವುದು ಶೇಕಡ 15, ಪಾವತಿ ಶುಲ್ಕ ಬೇರೆ, ಉಳಿದದ್ದು ಬ್ಯಾಂಡ್‌ಗೆ. ಯಾವುದಾದರೂ ಬ್ಯಾಂಡ್ ನಿಮಗೆ ನಿಜವಾಗಿ ಇಷ್ಟವಾದರೆ ಒಂದು ಸಲ ದುಡ್ಡು ಕೊಟ್ಟು ಕೊಳ್ಳಿ. ಒಂದು ಊಟದ ದುಡ್ಡು, ಅಷ್ಟೇ. ಅದರಿಂದ ಅವರು ಒಂದು ಸೆಟ್ ಗಿಟಾರ್ ತಂತಿ ಕೊಳ್ಳುತ್ತಾರೆ.

ಹಾಡು ಬರೆಯುವವರಿಗೆ ಒಂದು ಮಾತು. ಹಾಡು ಬರೆದವರ, ಸಂಗೀತ ಕಟ್ಟಿದವರ ರಾಯಲ್ಟಿ ವಸೂಲು ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್‌ಗೆ ಸದಸ್ಯರಾಗಿ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾದ ಮೇಲೆ ಸಾಹಿತ್ಯ ಮತ್ತು ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಳ್ಳೋಕೆ ಆಗುವುದಿಲ್ಲ. ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ, ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಾರೆ.

ಬೆಂಗಳೂರಲ್ಲಿ ಲೈವ್ ನೋಡೋಕೆ ಜಾಗ ಕಡಿಮೆ ಆಗ್ತಿದೆಯಾ?

ಹೌದು, ನನಗೆ ಇದು ಬಹಳ ಬೇಜಾರಿನ ವಿಷಯ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ, 2011ರಲ್ಲಿ ಮೆಟಾಲಿಕಾ ಬಂದಾಗ, ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಹತ್ತಿ ಬಂದರು. ದೊಡ್ಡ ಬ್ಯಾಂಡ್‌ಗಳಿಗೆ ಮೈದಾನ ಸಿಗುತ್ತದೆ. ನಮ್ಮಂಥವರಿಗೆ 150 ಜನ ಹಿಡಿಸುವ ಕೋಣೆ ಬೇಕು. ಇಂದಿರಾನಗರದ ಹಮ್ಮಿಂಗ್ ಟ್ರೀ ಅಂಥದ್ದು, 2019ರಲ್ಲಿ ಮುಚ್ಚಿತು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನುವ 2005ರ ಪೊಲೀಸ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಹಿಂದೆಯೇ ಬಿಗಿ ಹೆಚ್ಚಾಯಿತು, ಸುಮಾರು ಪಬ್‌ಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಅಕ್ಕಪಕ್ಕದ ಮನೆಯವರ ನಿದ್ದೆಯೂ ಮುಖ್ಯ, ಅದನ್ನು ನಾನು ಒಪ್ಪುತ್ತೇನೆ. ಆದರೆ ಪ್ರತಿ ಬಡಾವಣೆಗೂ ಸದ್ದು ಹೊರಗೆ ಹೋಗದ ಒಂದು ಸಣ್ಣ ಸಭಾಂಗಣ ಇದ್ದರೆ ಎರಡೂ ನಡೆಯುತ್ತದೆ, ಅಲ್ವಾ?

ರಾಕ್ ಆಲ್ಬಮ್‌ಗಳ ವಿಮರ್ಶೆ ಯಾರು ಬರೀತಾರೆ?

ಇಂಗ್ಲಿಷ್‌ನಲ್ಲಿ ಒಂದು ಪರಂಪರೆ ಇದೆ. ಅಲಹಾಬಾದ್‌ನಲ್ಲಿ ಅಮಿತ್ ಸೈಗಲ್ 1993ರಲ್ಲಿ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಶುರು ಮಾಡಿದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಒಂದೂರಿನ ಬ್ಯಾಂಡ್ ಬಗ್ಗೆ ಇನ್ನೊಂದೂರಿಗೆ ಸುದ್ದಿ ಮುಟ್ಟಿಸಿದ್ದು ಅದೇ. 2008ರಲ್ಲಿ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತದ ಆವೃತ್ತಿ ಬಂತು. ಆಮೇಲೆ ಬ್ಲಾಗ್‌ಗಳು, ಯೂಟ್ಯೂಬ್.

ಕನ್ನಡದಲ್ಲಿ ಪುಸ್ತಕ ವಿಮರ್ಶೆಗೆ ಎಷ್ಟು ದೊಡ್ಡ ಪರಂಪರೆ ಇದೆ ನೋಡಿ. ನಾಟಕಕ್ಕೆ ಇದೆ, ಸಿನಿಮಾಕ್ಕೆ ಇದೆ, ಶಾಸ್ತ್ರೀಯ ಕಛೇರಿಗೂ ಇದೆ. ರಾಕ್ ಆಲ್ಬಮ್‌ಗೆ ಮಾತ್ರ ಇಲ್ಲ ಅನ್ನುವಷ್ಟು ಕಡಿಮೆ. ಬ್ಯಾಂಡ್ ಬಗ್ಗೆ ಬಂದರೂ ಪರಿಚಯ ಲೇಖನ ಬರುತ್ತದೆ. ಐಟಿ ಕೆಲಸ ಬಿಟ್ಟು ಗಿಟಾರ್ ಹಿಡಿದವರು, ಅಂತ. ಹಾಡು ಹೇಗಿದೆ ಅಂತ ಯಾರೂ ಹೇಳುವುದಿಲ್ಲ.

ನಿಮ್ಮ ಆಲ್ಬಮ್‌ಗೆ ವಿಮರ್ಶೆ ಹೇಗೆ ಬಂತು?

ಮೂರು ಬಂದವು. ಒಂದು ಕಡೆ ನಾವು ಕಳಿಸಿದ್ದ ಪ್ರಕಟಣೆಯನ್ನೇ ಅಲ್ಪವಿರಾಮವನ್ನೂ ಬದಲಾಯಿಸದೆ ವಿಮರ್ಶೆ ಅಂತ ಹಾಕಿದರು. ಬರೆದವನು ನಾನೇ ಆದ್ದರಿಂದ ನನಗೆ ಗೊತ್ತಾಯಿತು. ಸಿಟ್ಟು ಬಂತು. 8 ಹಾಡಿಗೆ ಎರಡು ವರ್ಷ ಕೊಟ್ಟಿದ್ದೇವೆ, 37 ನಿಮಿಷ ಕೇಳುವಷ್ಟೂ ಪುರುಸೊತ್ತು ಇರಲಿಲ್ಲವಾ ಅಂತ.

ಎರಡನೆಯದು ಒಂದು ಇಂಗ್ಲಿಷ್ ಪತ್ರಿಕೆಯದ್ದು. ಪ್ರಾಮಾಣಿಕವಾಗಿ ಕೇಳಿ ಬರೆದಿದ್ದರು. ಗಿಟಾರ್ ಬಗ್ಗೆ ಹೇಳಿದ್ದು ಸರಿ, ಆರನೇ ಹಾಡು ಉದ್ದವಾಯಿತು ಅಂದಿದ್ದೂ ಸರಿ. ಐದರಲ್ಲಿ ಮೂರೂವರೆ ಸ್ಟಾರ್ ಕೊಟ್ಟರು. ಆದರೆ ಮಳೆಯ ಹಾಡಿನ ಐದರ ಲಯ ಬ್ರಿಟನ್, ಅಮೆರಿಕದ ಮ್ಯಾಥ್ ರಾಕ್ (ಲಯದ ಲೆಕ್ಕ ತಿರುಚಿ ನುಡಿಸುವ ರಾಕ್) ಬ್ಯಾಂಡ್‌ಗಳ ಪ್ರಭಾವ ಅಂತ ಬರೆದಿದ್ದರು. ಸಾಹಿತ್ಯದ ಬಗ್ಗೆ ಇದ್ದಿದ್ದು ಒಂದೇ ಸಾಲು, ‘ಪ್ರಾದೇಶಿಕ ಭಾಷೆಯಲ್ಲಿ ಹಾಡಲಾಗಿದೆ’ ಅಂತ. ಅವರಿಗೆ ಕನ್ನಡ ಬರುವುದಿಲ್ಲ. ಅದು ಅವರ ತಪ್ಪಲ್ಲ. ಪರ್ವಾಜ್ ಕೇಳುವಾಗ ನನ್ನ ಸ್ಥಿತಿಯೂ ಅದೇ ತಾನೇ? ಹೇಳಬೇಕಾಗಿದ್ದವರು ಹೇಳಲಿಲ್ಲ ಅನ್ನುವುದು ನನ್ನ ನೋವು. ಕನ್ನಡ ಬರುವವರು ಯಾರೂ ಬರೆಯಲಿಲ್ಲ.

ಮೂರನೆಯದು ಎಲ್ಲೂ ಅಚ್ಚಾಗಿಲ್ಲ. ಜೆಪಿ ನಗರದಲ್ಲಿ ಒಂದು ಸಣ್ಣ ಗಿಗ್ ಮುಗಿದಿತ್ತು. ಮೊಮ್ಮಗನ ಜೊತೆ ಬಂದಿದ್ದ ಒಬ್ಬ ನಿವೃತ್ತ ಕನ್ನಡ ಮೇಡಂ ನನ್ನ ಹತ್ತಿರ ಬಂದರು. ಕೈಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾ, ‘ಆ ಮಳೆ ಹಾಡು ಲಲಿತ ರಗಳೆ ಅಲ್ವಾ?’ ಅಂದರು. ನನಗೆ ಮಾತೇ ಹೊರಡಲಿಲ್ಲ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಎರಡನೇ ಚರಣದಲ್ಲಿ ಒಂದು ಕಡೆ ಒಂದು ಮಾತ್ರೆ ಜಾಸ್ತಿಯಾಗಿದೆ, ಹುಡುಗಿ ಅದನ್ನು ನುಂಗಿ ಹಾಡುತ್ತಾಳೆ ಅಂದರು. ಕೊನೆಯ ಹಾಡಲ್ಲಿ ಗಿಟಾರ್ ಜೋರಾಗಿ ಮಾತು ಮುಳುಗಿದೆ, ಅಷ್ಟು ಕಷ್ಟಪಟ್ಟು ಬರೆದು ಯಾಕೆ ಮುಳುಗಿಸಿದಿರಿ ಅಂತ ಕೇಳಿದರು. ಮನೆಗೆ ಬಂದು ಎಣಿಸಿದೆ. ಆರು ಮಾತ್ರೆ ಇತ್ತು. ಈಗ ವೇದಿಕೆ ಮೇಲೆ ಹಾಡುವಾಗ ಆ ಪದ ಬದಲಾಯಿಸಿದ್ದೇವೆ.

ಸ್ಟಾರ್ ನೋಡಿ ಆಲ್ಬಮ್ ಆರಿಸಬಹುದಾ?

ಬೇಡ. 1969ರಲ್ಲಿ ಲೆಡ್ ಜೆಪಲಿನ್ ಮೊದಲ ಆಲ್ಬಮ್ ಬಂದಾಗ ರೋಲಿಂಗ್ ಸ್ಟೋನ್ ಅದನ್ನು ಚೆನ್ನಾಗಿ ಜರೆದಿತ್ತು. ಇವತ್ತು ಆ ಆಲ್ಬಮ್ ಕೇಳದ ಗಿಟಾರ್ ಹುಡುಗ ಸಿಗುವುದು ಕಷ್ಟ. ವಿಮರ್ಶಕರು ಯಾವ ಹಾಡಿನ ಯಾವ ಜಾಗದ ಬಗ್ಗೆ ಮಾತಾಡಿದ್ದಾರೆ ಅಂತ ನೋಡಿ. ಜಾಗ ತೋರಿಸಿ ಬೈದಿದ್ದರೂ ಆ ವಿಮರ್ಶೆ ಉಪಯೋಗಕ್ಕೆ ಬರುತ್ತದೆ.

ಹೊರದೇಶದವರು ಹೊಗಳಿದ ಮೇಲೇ ನಮ್ಮವರು ಕೇಳೋದಾ?

ಪೂರ್ತಿ ಹಾಗಲ್ಲ. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಬ್ರಿಟನ್‌ನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಅಷ್ಟರೊಳಗೆ ಇಲ್ಲಿನ ಕಾಲೇಜು ಹುಡುಗರಿಗೆ ಅವರ ಹಾಡುಗಳು ಬಾಯಿಪಾಠ ಆಗಿದ್ದವು. ಕೇಳುಗರು ಮೊದಲೇ ಇದ್ದರು. ಬರೆಯುವವರು ಇರಲಿಲ್ಲ ಅಷ್ಟೇ. ಶರೀಫರ ಪದವನ್ನು ಗಿಟಾರಿಗೆ ತಂದಾಗ ಪದದ ಅರ್ಥ ಎಲ್ಲಿ ಬದಲಾಯಿತು, ಎಲ್ಲಿ ಬೆಳೆಯಿತು, ಉತ್ತರ ಕರ್ನಾಟಕದ ಮಾತು ಮೈಸೂರಿನ ಬಾಯಲ್ಲಿ ಹೇಗೆ ಕೇಳಿಸಿತು ಅಂತ ಲಂಡನ್ನಿನವರು ಬರೆಯೋಕೆ ಸಾಧ್ಯವಿಲ್ಲ. ಹುಬ್ಬಳ್ಳಿಯವರು ಬರೆಯಬಹುದು, ಹಾವೇರಿಯವರು ಬರೆಯಬಹುದು.

ನನಗೆ ಸಂಗೀತ ಓದಿ ಗೊತ್ತಿಲ್ಲ. ನಾನು ಬರೆಯಬಹುದಾ?

ಖಂಡಿತ ಬರೆಯಿರಿ. ಆಲ್ಬಮ್ ಅನ್ನು ಮೂರು ಸಲ ಪೂರ್ತಿ ಕೇಳಿ. ಒಂದು ಸಲ ಕೆಲಸ ಮಾಡುತ್ತಾ, ಒಂದು ಸಲ ಬಸ್ಸಿನಲ್ಲಿ, ಒಂದು ಸಲ ಸುಮ್ನೆ ಕೂತು. ಎಲ್ಲಿ ಮೈ ಝುಮ್ ಅಂತು, ಎಲ್ಲಿ ಫೋನ್ ಕಡೆ ಕೈ ಹೋಯಿತು, ಬರೆದಿಟ್ಟುಕೊಳ್ಳಿ. ನಿಮಿಷ, ಸೆಕೆಂಡ್ ಸಮೇತ. ಆಮೇಲೆ ಸಾಹಿತ್ಯವನ್ನು ಗಟ್ಟಿಯಾಗಿ ಓದಿ. ಓದಿದಾಗ ಚೆನ್ನಾಗಿದ್ದು ಹಾಡಿದಾಗ ಸೋತಿದೆಯಾ, ಅಥವಾ ಉಲ್ಟಾನಾ ಅಂತ ನೋಡಿ. ನಮ್ಮಲ್ಲಿ ಇದಕ್ಕೆ ಬೇಕಾದ ಪದಗಳು ಇವೆ. ದನಿ ಒಡೆಯಿತು, ತಾಳ ಜಾರಿತು, ಸಾಲು ನಿಂತಿತು, ಹಾಡು ಏರಿತು, ಗಿಟಾರ್ ಕೆರೆಯಿತು. ಗೆಳೆಯರ ಬ್ಯಾಂಡ್ ಆಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತಲೇ ಬರೆಯಿರಿ, ಬೇಜಾರಾದರೂ ನಾವು ಓದುತ್ತೇವೆ.

ಮನೆಯಲ್ಲಿ ದೊಡ್ಡವರಿಗೆ ಗದ್ದಲ ಅನ್ನಿಸುತ್ತದೆ. ಏನು ಮಾಡಲಿ?

ಸದ್ದು ಕಮ್ಮಿ ಇಟ್ಟು ಏಳನೇ ಹಾಡು ಕೇಳಿಸಿ. ಅದರಲ್ಲಿ ಡ್ರಮ್ ಇಲ್ಲ.

ಹಾಡುಗಳ ಹೆಸರು ಕನ್ನಡ ಲಿಪಿಯಲ್ಲಿ ಯಾಕೆ ಇಲ್ಲ?

ಇದೆ. ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ, ಹಾಗೇ ಹಾಕಿ ಅಂತ ಹಾಡು ಹಂಚುವ ಕಂಪನಿಯೊಂದು ಹೇಳಿತ್ತು. ಮೊದಲ ಎರಡು ತಿಂಗಳು ಹಾಗೇ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ‘ಮಳೆ’ಗೂ ‘ಮಲೆ’ಗೂ ವ್ಯತ್ಯಾಸ ಕಾಣುವುದಿಲ್ಲ. 11 ಸಲ ಹಾಡಿಸಿ ಉಳಿಸಿಕೊಂಡಿದ್ದು ಬರೆಯುವಾಗ ಹೋಗಿಬಿಟ್ಟಿತ್ತು. ಮತ್ತೆ ಅರ್ಜಿ ಕೊಟ್ಟು ಎಲ್ಲ 8 ಹೆಸರನ್ನೂ ಕನ್ನಡಕ್ಕೆ ಬದಲಾಯಿಸಿದೆವು. ಕನ್ನಡ ಕೀಬೋರ್ಡ್‌ನಲ್ಲಿ ಹುಡುಕಿದರೆ ಈಗ ಸಿಗುತ್ತದೆ.

ಸಾಹಿತ್ಯದ ಹಾಳೆ ಸಿಗುತ್ತಾ?

ಪ್ರತಿ ಗಿಗ್‌ನಲ್ಲೂ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿರುತ್ತೇವೆ. ಎರಡೂ ಕಡೆ ಅಚ್ಚಾದ ಒಂದೇ ಹಾಳೆ, ದುಡ್ಡಿಲ್ಲ. ಮಳೆಯ ಹಾಡಿನ ಎರಡನೇ ಚರಣದ ತಿದ್ದಿದ ಪದ ಹೊಸ ಹಾಳೆಯಲ್ಲಿದೆ. ಹಳೆಯದು ಇದ್ದವರು ಬದಲಾಯಿಸಿಕೊಳ್ಳಿ.